ಹ್ಯಾಲೋವೀನ್ ರಾತ್ರಿ ಮನೆಮಂದಿಯೆಲ್ಲ ಕೂತು ನೋಡೋಕೆ ಹಳೇ ದೆವ್ವದ ಸಿನಿಮಾ: ಯಾವುದು ಹಾಕಲಿ?

ಎಡಿಸನ್_ಅಮ್ಮ

ಎಲ್ಲರಿಗೂ ನಮಸ್ಕಾರ. ಈ ಸಲ ಹ್ಯಾಲೋವೀನ್ ಶನಿವಾರ ಬಂದಿದೆ. ಮಕ್ಕಳು ಬೀದಿ ಸುತ್ತಿ ಚಾಕೊಲೇಟ್ ತುಂಬಿಸಿಕೊಂಡು ಬಂದಮೇಲೆ ಬೇಸ್‌ಮೆಂಟಿನಲ್ಲಿ ಪ್ರೊಜೆಕ್ಟರ್ ಹಾಕಿ ಸಿನಿಮಾ ತೋರಿಸೋಣ ಅಂತಿದ್ದೀವಿ. ಮಗಳಿಗೆ 11, ಮಗನಿಗೆ 6. ಅಕ್ಕಪಕ್ಕದ ಮನೆ ಮಕ್ಕಳೂ ಬರ್ತಾರೆ. ಅತ್ತೆ ಮೈಸೂರಿಂದ ಬಂದಿದ್ದಾರೆ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಅರ್ಥ ಆಗಲ್ಲ, ಆದರೂ ಮೊಮ್ಮಕ್ಕಳ ಜೊತೆ ಕೂತು ನೋಡಬೇಕು ಅಂತ ಆಸೆ.

ಮಗಳದ್ದು ಒಂದೇ ಹಟ: "ಅಮ್ಮ, ಹೆದರಿಕೆ ಆಗಲೇಬೇಕು, ಚಿಕ್ಕಮಕ್ಕಳ ಕಾರ್ಟೂನ್ ಬೇಡ." ಈಗಿನ ಹಾರರ್ ಸಿನಿಮಾಗಳ ರಕ್ತಪಾತ ನನಗೆ ಬೇಡವೇ ಬೇಡ. ಅದಕ್ಕೇ ಹಳೇ ಸಿನಿಮಾ ಕಡೆ ನೋಡ್ತಿದ್ದೀನಿ. ಕಪ್ಪುಬಿಳುಪಿನ ಕಾಲದ್ದು ಯಾವುದಾದರೂ ನಡೆಯುತ್ತೆ ಅಂತ ನಮ್ಮ ಯಜಮಾನ್ರು ಹೇಳ್ತಾರೆ. ಹಳೇದು ಅಂದಮಾತ್ರಕ್ಕೆ ಆರು ವರ್ಷದ ಮಗುಗೆ ತೋರಿಸಬಹುದಾ? ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬರೀ ಹೆಸರು ಬೇಡ, ಯಾವ ಸೀನ್ ಬಂದಾಗ ಹುಷಾರಾಗಿರಬೇಕು ಅನ್ನೋದೂ ಬೇಕು.

ಹಳೇರೀಲು

ಅಕ್ಕಾ, ನೀವು ಕೇಳಿದ ರೀತಿಯೇ ಸರಿಯಾಗಿದೆ. ಹಳೇದು ಅಂದ ತಕ್ಷಣ ಮಕ್ಕಳಿಗೆ ಆಗುತ್ತೆ ಅಂತಲ್ಲ. ನಾನು ಈ ಸಿನಿಮಾಗಳನ್ನ ತುಂಬಾ ಪ್ರೀತಿಯಿಂದ ನೋಡಿಕೊಂಡು ಬಂದವನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮೊದಲು ಎಲ್ಲರ ಬಾಯಲ್ಲೂ ಬರೋ ಯೂನಿವರ್ಸಲ್ ಸ್ಟುಡಿಯೋದವು. 1931ರಲ್ಲಿ ಎರಡು ಬಂದವು: ಟಾಡ್ ಬ್ರೌನಿಂಗ್ ನಿರ್ದೇಶನದ 'ಡ್ರಾಕ್ಯುಲಾ', ಜೇಮ್ಸ್ ವೇಲ್ ನಿರ್ದೇಶನದ 'ಫ್ರಾಂಕನ್‌ಸ್ಟೈನ್'. ಎರಡೂ ಒಂದೂಕಾಲು ಗಂಟೆಯೊಳಗೆ ಮುಗಿಯುತ್ತವೆ. ಮಲಗೋ ಹೊತ್ತಿಗೆ ಮಕ್ಕಳನ್ನ ಏಳಿಸಬೇಕಾದ ಮನೆಗೆ ಇದು ದೊಡ್ಡ ಅನುಕೂಲ.

'ಡ್ರಾಕ್ಯುಲಾ'ದಲ್ಲಿ ರಕ್ತ ಹೀರೋ ಡ್ರಾಕ್ಯುಲಾ ಆಗಿರೋ ಬೇಲಾ ಲುಗೋಸಿಯ ಬಾಯಲ್ಲಿ ಕೋರೆಹಲ್ಲೇ ಕಾಣಿಸಲ್ಲ. ಕಚ್ಚಿದ ಗುರುತು ತೋರಿಸಲ್ಲ. ಕೊನೆಗೆ ಅವನ ಎದೆಗೆ ಗೂಟ ಹೊಡೆಯೋದೂ ಪರದೆಯ ಆಚೆಗೇ ಆಗುತ್ತೆ, ನಮಗೆ ಕೇಳಿಸೋದು ನರಳಾಟ ಮಾತ್ರ. ಆದರೆ ಇನ್ನೊಂದು ವಿಷಯ ಇದೆ. ಟೈಟಲ್ ಬರುವಾಗ 'ಸ್ವಾನ್ ಲೇಕ್' ತುಣುಕು ಕೇಳಿಸೋದು ಬಿಟ್ಟರೆ ಸಿನಿಮಾದಲ್ಲಿ ಹಿನ್ನೆಲೆ ಸಂಗೀತ ಇಲ್ಲ ಅಂದರೂ ಸರಿ. ಈಗಿನ ಮಕ್ಕಳಿಗೆ ಸಂಗೀತ ಬಂದು "ಈಗ ಹೆದರ್ಕೋ" ಅಂತ ಹೇಳಿಕೊಡಬೇಕು. ಇಲ್ಲಿ ಯಾರೂ ಹೇಳಿಕೊಡಲ್ಲ. ಕೋಟೆಯ ಮೆಟ್ಟಿಲ ಮೇಲೆ ಅವನು ಮೋಂಬತ್ತಿ ಹಿಡಿದು ನಿಂತಾಗ ಮನೆಯಲ್ಲಿ ಫ್ರಿಜ್ಜಿನ ಸದ್ದೂ ಕೇಳಿಸುತ್ತೆ. ಮೊದಲ ಇಪ್ಪತ್ತು ನಿಮಿಷ ಮಕ್ಕಳು ಕಣ್ಣು ಮಿಟುಕಿಸದೆ ನೋಡ್ತಾರೆ, ಕಥೆ ಲಂಡನ್ನಿಗೆ ಬಂದಮೇಲೆ ಎಲ್ಲ ದಿವಾನಖಾನೆಯ ಮಾತುಕತೆ. ಆಗ ಆರು ವರ್ಷದವನು ಎದ್ದು ಓಡಾಡೋಕೆ ಶುರು ಮಾಡ್ತಾನೆ.

'ಫ್ರಾಂಕನ್‌ಸ್ಟೈನ್' ಬಗ್ಗೆ ಜಾಸ್ತಿ ಯೋಚನೆ ಮಾಡಿ. ಸಿನಿಮಾ ಶುರುವಾಗೋ ಮುಂಚೆ ನಟ ಎಡ್ವರ್ಡ್ ವ್ಯಾನ್ ಸ್ಲೋನ್ ಪರದೆ ಸರಿಸಿಕೊಂಡು ಬಂದು, ಇದು ನಿಮಗೆ ಆಘಾತ ಕೊಡಬಹುದು ಅಂತ ಪ್ರೇಕ್ಷಕರಿಗೆ ಎಚ್ಚರಿಕೆ ಕೊಡ್ತಾರೆ. ಮಕ್ಕಳಿಗೆ ಅದು ತುಂಬಾ ಇಷ್ಟ ಆಗುತ್ತೆ. ದೈತ್ಯನ ಪಾತ್ರ ಮಾಡಿದ ಬೋರಿಸ್ ಕಾರ್ಲಾಫ್ ಹೆಸರಿನ ಜಾಗದಲ್ಲಿ ಆರಂಭದ ಟೈಟಲ್ಲಿನಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಇರುತ್ತೆ, ಅದನ್ನೂ ತೋರಿಸಿ. ಆದರೆ ಕೆರೆಯ ದಂಡೆಯ ಸೀನ್ ಇದೆಯಲ್ಲ, ಅದನ್ನ ನೀವು ಮೊದಲೇ ಒಬ್ಬರೇ ನೋಡಲೇಬೇಕು. ಮರಿಯಾ ಅನ್ನೋ ಪುಟ್ಟ ಹುಡುಗಿ ಆ ದೈತ್ಯನಿಗೆ ಹೆದರದೆ ಹೂವು ಕೊಡ್ತಾಳೆ. ಇಬ್ಬರೂ ಕೂತು ಹೂವನ್ನ ನೀರಿಗೆ ಬಿಡ್ತಾರೆ, ತೇಲೋದು ನೋಡಿ ಅವನು ನಗ್ತಾನೆ. ಹೂವು ಮುಗಿದಾಗ, ಇವಳೂ ತೇಲ್ತಾಳೆ ಅಂದುಕೊಂಡು ಅವಳನ್ನೇ ಎತ್ತಿ ನೀರಿಗೆ ಹಾಕ್ತಾನೆ. ಎಷ್ಟೋ ವರ್ಷ ಈ ಎಸೆಯೋ ಭಾಗವನ್ನ ಕತ್ತರಿಸಿ ತೋರಿಸ್ತಿದ್ದರು. ಅವನು ಅವಳ ಕಡೆ ಕೈ ಚಾಚುವಲ್ಲಿಗೇ ಸೀನ್ ನಿಂತುಬಿಡ್ತಿತ್ತು. ಕತ್ತರಿಸಿದ್ದರಿಂದ ಅದು ಇನ್ನೂ ಕೆಟ್ಟದಾಯ್ತು: ನೋಡಿದವರು ಇನ್ನೇನೇನೋ ಊಹಿಸಿಕೊಂಡರು. 1980ರ ದಶಕದಲ್ಲಿ ಆ ತುಣುಕನ್ನ ವಾಪಸ್ ಸೇರಿಸಿದರು. ಆಮೇಲೆ ಅಪ್ಪ ಮಗಳ ಹೆಣ ಎತ್ತಿಕೊಂಡು, ಮದುವೆ ಸಂಭ್ರಮದಲ್ಲಿರೋ ಊರಿನ ಬೀದಿಯಲ್ಲಿ ನಡೆದು ಬರ್ತಾನೆ. ನಿಮ್ಮ ಮಗಳಿಗೆ ಇದು ಅರ್ಥ ಆಗುತ್ತೆ, ಅವಳ ಜೊತೆ ಒಳ್ಳೇ ಮಾತುಕತೆಗೂ ದಾರಿ ಆಗುತ್ತೆ. ಮಗನಿಗೆ ಖಂಡಿತ ಬೇಡ.

ಹಾಗಾದರೆ ಎಲ್ಲರಿಗೂ ಒಟ್ಟಿಗೆ ಏನು? ನನ್ನ ಮಟ್ಟಿಗೆ ಉತ್ತರ ಒಂದೇ: 1948ರ 'ಅಬಟ್ ಅಂಡ್ ಕಾಸ್ಟೆಲೊ ಮೀಟ್ ಫ್ರಾಂಕನ್‌ಸ್ಟೈನ್'. ಅಬಟ್, ಕಾಸ್ಟೆಲೊ ಅನ್ನೋ ಹಾಸ್ಯ ಜೋಡಿಯದ್ದು, ಲುಗೋಸಿ ಡ್ರಾಕ್ಯುಲಾ ಆಗಿ ಎರಡನೇ ಸಲ, ಕೊನೇ ಸಲ ಬಂದ ಸಿನಿಮಾ ಅದು. ತೋಳಮನುಷ್ಯನಾಗಿ ಲಾನ್ ಚೇನಿ ಜೂನಿಯರ್, ದೈತ್ಯನಾಗಿ ಗ್ಲೆನ್ ಸ್ಟ್ರೇಂಜ್. ಇದರ ಗುಟ್ಟು ಏನಂದರೆ, ದೆವ್ವಗಳು ಯಾವೂ ತಮಾಷೆ ಮಾಡಲ್ಲ. ಅವು ಗಂಭೀರವಾಗೇ ಇರ್ತವೆ, ಮನುಷ್ಯರು ಮಾತ್ರ ನಗಿಸ್ತಾರೆ. ಅದಕ್ಕೇ ಹೆದರಿಕೆಯೂ ಉಳಿಯುತ್ತೆ, ನಗುವೂ ಬರುತ್ತೆ.

ಸಂಜೆಮಲ್ಲಿಗೆ

'ಅಬಟ್ ಅಂಡ್ ಕಾಸ್ಟೆಲೊ'ಗೆ ನನ್ನದೂ ಒಂದು ವೋಟು. ಶುರುವಿನಲ್ಲೇ ಒಂದು ಸೀನ್ ಇದೆ. ದಪ್ಪಗಿರೋ ವಿಲ್ಬರ್ (ಕಾಸ್ಟೆಲೊ ಪಾತ್ರ) ಶವಪೆಟ್ಟಿಗೆ ಪಕ್ಕ ನಿಂತು ಡ್ರಾಕ್ಯುಲಾ ಕಥೆ ಬರೆದಿರೋ ಕಾರ್ಡನ್ನ ಜೋರಾಗಿ ಓದ್ತಿರ್ತಾನೆ, ಹಿಂದೆ ಮುಚ್ಚಳ ಮೆಲ್ಲಗೆ ಏಳುತ್ತೆ, ಮೇಲಿಟ್ಟ ಮೋಂಬತ್ತಿ ಜಾರುತ್ತೆ. ಅವನು ಕಿರುಚಿ ಗೆಳೆಯನನ್ನ ಕರೆದರೆ, ಅವನು ಬರೋ ಹೊತ್ತಿಗೆ ಎಲ್ಲಾ ಸರಿಯಾಗೇ ಇರುತ್ತೆ. ಚಿಕ್ಕ ಮಕ್ಕಳು ಇಲ್ಲಿ ಪರದೆ ಕಡೆ ಬೆರಳು ತೋರಿಸಿ "ಹಿಂದೆ ನೋಡು, ಹಿಂದೆ ನೋಡು" ಅಂತ ಕೂಗ್ತಾರೆ. ದೊಡ್ಡವರು ನಂಬದೇ ಇದ್ದಾಗ ಮಕ್ಕಳಿಗೆ ಆಗೋ ಸಂಕಟ ಅದೇ ಅಲ್ವಾ? ಅದಕ್ಕೇ ಅವರಿಗೆ ಅಷ್ಟು ಹತ್ತಿರ ಆಗುತ್ತೆ.

ಇನ್ನೂ ಒಂದಿದೆ. ದೈತ್ಯ ಮೊದಲ ಸಲ ವಿಲ್ಬರ್‌ನನ್ನ ನೋಡಿದಾಗ ದೈತ್ಯನೇ ಹೆದರಿ ಹಿಂದೆ ಸರೀತಾನೆ! ಡ್ರಾಕ್ಯುಲಾ ಅವನಿಗೆ ಧೈರ್ಯ ಹೇಳಬೇಕಾಗುತ್ತೆ. ಆರು ವರ್ಷದ ಮಗುಗೆ ಅದಕ್ಕಿಂತ ಒಳ್ಳೇ ಸಮಾಧಾನ ಬೇಕಿಲ್ಲ.

ಹುಷಾರಾಗಿರಬೇಕಾದ್ದು: ಕೊನೆಯ ಭಾಗದಲ್ಲಿ ದೈತ್ಯ ಒಬ್ಬ ಹೆಂಗಸನ್ನ ಕಿಟಕಿಯಿಂದ ಎಸೀತಾನೆ. ಕ್ಷಣದಲ್ಲಿ ಆಗಿಹೋಗುತ್ತೆ, ಆದರೂ ಗೊತ್ತಿರಲಿ.

ತಿಪಟೂರು_ತೆಂಗು

ಎಲ್ಲರೂ ಸಿನಿಮಾ ಹೆಸರು ಹೇಳ್ತಿದ್ದೀರಿ, ನಾನು ಬೇರೆ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆರು ವರ್ಷದ ಮಗುವನ್ನ ಯಾಕೆ ಹೆದರಿಸಬೇಕು? ನಮ್ಮ ಮನೆಯ ಚಿಕ್ಕವನು ಯಾರದೋ ಮನೆಯಲ್ಲಿ ಎಂಥದೋ ನೋಡಿ ಬಂದು ಎಷ್ಟೋ ದಿನ ಬಾತ್‌ರೂಮಿಗೆ ಒಬ್ಬನೇ ಹೋಗ್ತಿರಲಿಲ್ಲ. ಕುಂಬಳಕಾಯಿ ಕೊರೆದು, ವೇಷ ಹಾಕಿ, ಸಿಹಿ ತಿಂದರೆ ಹಬ್ಬ ಆಯ್ತು. ಸಿನಿಮಾ ಅಂತ ಬೇಕೇಬೇಕಾ?

ಸಂಜೆಮಲ್ಲಿಗೆ

ತೆಂಗು ಸರ್, ಬೇಜಾರೇನಿಲ್ಲ, ಈ ಮಾತು ಯಾರಾದರೂ ಹೇಳಲೇಬೇಕಿತ್ತು. ಬೇಡ ಅನ್ನೋ ಮಗುಗೆ ತೋರಿಸಲೇಬಾರದು. ಅಣ್ಣ ಅಕ್ಕ ನೋಡ್ತಿದ್ದಾರೆ ಅಂತ ನಾಚಿಕೆಗೆ ಕೂತಿರೋ ಮಗುವನ್ನೂ ಮೆಲ್ಲಗೆ ಎಬ್ಬಿಸಿ ಮೇಲೆ ಕರ್ಕೊಂಡು ಹೋಗಬೇಕು. ಆದರೆ ಅಜ್ಜಿ ತೊಡೆ ಮೇಲೆ ಕೂತು ಕೊಳ್ಳಿದೆವ್ವದ ಕಥೆ ಕೇಳಿ, ಅರ್ಧ ಹೆದರಿ, "ಇನ್ನೊಂದು ಹೇಳು" ಅಂದವರು ನಾವೆಲ್ಲ. ಹತ್ತಿರದಲ್ಲಿ ನಂಬಿಕೆಯವರು ಇದ್ದಾಗ ಹೆದರೋದು ಬೇರೆ, ಒಬ್ಬನೇ ಕೂತು ಯಾರದೋ ಮನೆಯಲ್ಲಿ ನೋಡೋದು ಬೇರೆ. ನಿಮ್ಮ ಮಗನಿಗೆ ಆಗಿದ್ದು ಎರಡನೇದು ಅನ್ಸುತ್ತೆ.

ನಾನು ಗಮನಿಸಿದ ಹಾಗೆ ಚಿಕ್ಕವರು ದೆವ್ವದ ಮುಖಕ್ಕೆ ಅಷ್ಟು ಹೆದರಲ್ಲ. ಅಪ್ಪ ಅಮ್ಮ ಕಾಣೆಯಾಗೋದು, ಮಗು ಒಂಟಿಯಾಗೋದು, ನಾಯಿಗೋ ಬೆಕ್ಕಿಗೋ ನೋವಾಗೋದು, ತಮ್ಮ ಮನೆಯಂಥ ಮನೆಯಲ್ಲೇ ತಮ್ಮ ಮಂಚದಂಥ ಮಂಚದ ಕೆಳಗೆ ಏನೋ ಇರೋದು, ಇವಕ್ಕೆ ಹೆದರ್ತಾರೆ. ಟ್ರಾನ್ಸಿಲ್ವೇನಿಯದ ಕೋಟೆ ಅವರ ಮನೆ ಅಲ್ಲ, ಬಣ್ಣವೂ ಇಲ್ಲ, ಅದಕ್ಕೇ ಅದು ದೂರದ್ದು ಅನ್ಸುತ್ತೆ. ಸಿನಿಮಾ ಆರಿಸುವಾಗ ನಾನು ಇದನ್ನೇ ನೋಡೋದು.

ಫ್ರಿಮಾಂಟ್_ಅಪ್ಪ

ಮೇಲಿನ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಅದಕ್ಕೇ ಇನ್ನೊಂದು ಎಚ್ಚರಿಕೆ ಸೇರಿಸ್ತೀನಿ, ತಂದೆತಾಯಿಗಳು ಬಹಳ ಜನ ಎಡವೋದು ಇಲ್ಲೇ. ಅದು 80ರ ದಶಕದ ಪಿಜಿ ಸಿನಿಮಾಗಳು (ಪಿಜಿ ಅಂದರೆ ತಂದೆತಾಯಿ ನೋಡಿಕೊಂಡು ಮಕ್ಕಳಿಗೆ ತೋರಿಸಬಹುದು ಅನ್ನೋ ರೇಟಿಂಗ್).

ಅಮೆರಿಕದಲ್ಲಿ ಈ ರೇಟಿಂಗ್ ಪದ್ಧತಿ ಬಂದಿದ್ದೇ 1968ರ ನವೆಂಬರ್ 1ರಂದು. 13ರ ಒಳಗಿನವರಿಗೆ ಹುಷಾರು ಅಂತ ಹೇಳೋ ಪಿಜಿ-13 ಅನ್ನೋದು ಬಂದಿದ್ದು 1984ರ ಜುಲೈನಲ್ಲಿ. ಅದಕ್ಕಿಂತ ಮುಂಚೆ ಪಿಜಿಗೂ ಆರ್‌ಗೂ ನಡುವೆ ಏನೂ ಇರಲಿಲ್ಲ (ಆರ್ ಅಂದರೆ ಚಿಕ್ಕವರು ದೊಡ್ಡವರ ಜೊತೆ ಮಾತ್ರ ನೋಡಬಹುದಾದ್ದು). ಹಾಗಾಗಿ ಆಗಿನ ಪಿಜಿ ಅಂದರೆ ಈಗಿನ ಪಿಜಿ ಅಲ್ಲವೇ ಅಲ್ಲ. 1975ರ 'ಜಾಸ್' ಪಿಜಿ! 1982ರ 'ಪೋಲ್ಟರ್‌ಗೈಸ್ಟ್' ಪಿಜಿ! ಅದರಲ್ಲಿ ಒಬ್ಬ ಕನ್ನಡಿ ಮುಂದೆ ನಿಂತು ತನ್ನ ಮುಖದ ಮಾಂಸ ತಾನೇ ಕಿತ್ತುಕೊಳ್ತಾನೆ. ಮಂಚದ ಪಕ್ಕ ಕೂತ ಕೋಡಂಗಿ ಗೊಂಬೆ ಮಾಯವಾಗಿ ಮಗುವನ್ನ ಹಿಡಿಯುತ್ತೆ. ಪುಟ್ಟ ಮಗಳು ಟಿವಿಯೊಳಗೆ ಸೇರಿ ಅಮ್ಮನ್ನ ಕರೀತಾಳೆ. ಸಂಜೆಮಲ್ಲಿಗೆ ಅವರು ಹೇಳಿದ್ದೆಲ್ಲಾ ಒಂದೇ ಸಿನಿಮಾದಲ್ಲಿದೆ.

'ಗ್ರೆಮ್ಲಿನ್ಸ್' (1984) ಕೂಡ ಪಿಜಿ. ಪೋಸ್ಟರ್ ನೋಡಿದರೆ ಮುದ್ದಾದ ಪ್ರಾಣಿ. ಪಿಜಿ-13 ಬರೋಕೆ ಕಾರಣವಾದ ಸಿನಿಮಾಗಳಲ್ಲಿ ಇದೂ ಒಂದು. ರಕ್ತದ ವಿಷಯ ಬಿಡಿ, ನಡುವೆ ಕೇಟ್ ಅನ್ನೋ ಹುಡುಗಿ ತನ್ನ ಅಪ್ಪನ ಬಗ್ಗೆ, ಕ್ರಿಸ್‌ಮಸ್ ಬಗ್ಗೆ ಒಂದು ಕಥೆ ಹೇಳ್ತಾಳೆ. ನಿಮ್ಮ ಮಗು ಇನ್ನೂ ಸಾಂಟಾನನ್ನ ನಂಬಿಕೊಂಡಿದ್ದರೆ ಆ ಸೀನ್ ಬರೋ ಮುಂಚೆ ರಿಮೋಟ್ ಕೈಯಲ್ಲಿರಲಿ. ಇದನ್ನ ಯಾರೂ ಹೇಳಲ್ಲ, ಅದಕ್ಕೇ ಹೇಳ್ತಿದ್ದೀನಿ.

ಇನ್ನೊಂದು 'ನೈಟ್ ಆಫ್ ದಿ ಲಿವಿಂಗ್ ಡೆಡ್'. 1968ರದ್ದು, ಕಪ್ಪುಬಿಳುಪು, ಕಾಪಿರೈಟ್ ಇಲ್ಲದ ಕಾರಣ ಎಲ್ಲಾ ಕಡೆ ಉಚಿತವಾಗಿ ಸಿಗುತ್ತೆ. ಹಳೇದು, ಬಣ್ಣ ಇಲ್ಲ, ದುಡ್ಡೂ ಇಲ್ಲ ಅಂತ ಹಾಕಿಬಿಡೋರು ಇದ್ದಾರೆ. ದಯವಿಟ್ಟು ಬೇಡ. ರೇಟಿಂಗ್ ಪದ್ಧತಿ ಜಾರಿಗೆ ಬರೋಕೆ ಸ್ವಲ್ಪ ಮುಂಚೆ ಬಿಡುಗಡೆಯಾದ ಸಿನಿಮಾ ಅದು, ಮಧ್ಯಾಹ್ನದ ಆಟಕ್ಕೆ ಮಕ್ಕಳನ್ನ ಬಿಟ್ಟಿದ್ದರು. ಥಿಯೇಟರಿನಲ್ಲಿ ಆ ಮಕ್ಕಳು ಮಾತು ನಿಂತು ಕೂತಿದ್ದನ್ನ, ಅತ್ತಿದ್ದನ್ನ ವಿಮರ್ಶಕ ರಾಜರ್ ಈಬರ್ಟ್ 1969ರಲ್ಲಿ ಬರೆದಿದ್ದಾರೆ. ಸಿನಿಮಾ ದೊಡ್ಡದು, ದೊಡ್ಡವರಿಗೆ. ಅದರಲ್ಲಿ ಮಗಳೇ ಅಮ್ಮನನ್ನ ಕೊಲ್ತಾಳೆ, ನಾಯಕನೂ ಉಳಿಯಲ್ಲ.

ಹುಬ್ಬಳ್ಳಿಮಂದಿ_ಡಲ್ಲಾಸ್

ಅಕ್ಕಾರ, ನಮ್ಮ ಮನ್ಯಾಗ ಹುಡುಗ್ರಿಗೆ ಭಾಳ ಸೇರಿದ್ದು 'ಕ್ರೀಚರ್ ಫ್ರಮ್ ದಿ ಬ್ಲ್ಯಾಕ್ ಲಗೂನ್'. 1954ರ ಪಿಕ್ಚರ್. ಅಮೆಜಾನ್ ನದ್ಯಾಗ ಒಂದು ಮೀನಮನುಷ್ಯ ಇರ್ತಾನ, ಅವನ್ನ ಹಿಡಿಯಾಕ ಮಂದಿ ಹೋಗ್ತಾರ. ಅದರಾಗ ಒಂದು ಈಜಿನ ಸೀನ್ ಐತಿ ನೋಡ್ರಿ, ಅದನ್ನ ನಾ ಹೇಳಲೇಬೇಕು. ನಾಯಕಿ ಬಿಳಿ ಬಟ್ಟಿ ಹಾಕ್ಕೊಂಡು ನೀರಿನ ಮ್ಯಾಲ ಈಜತಿರ್ತಾಳ. ಆಕಿಗೆ ಗೊತ್ತಿಲ್ದಂಗ ಕೆಳಗ ಅವನೂ ಆಕಿ ಈಜಿದಂಗ ಈಜತಾನ, ಅಂಗಾತ ಆಗಿ ಆಕೀನ್ನ ನೋಡ್ಕೋತ. ಹಿಡಿಯಂಗಿಲ್ಲ, ಕಡಿಯಂಗಿಲ್ಲ, ಸುಮ್ನ ಜೋಡಿ ಈಜತಾನ. ನನ್ನ ಮಗಳು ಅಲ್ಲೇ ಕೇಳಿದ್ಲು, "ಪಪ್ಪಾ, ಅವನ ಮನಿಗೆ ಇವರು ಬಂದಾರ, ಅವನೇನು ತಪ್ಪು ಮಾಡ್ಯಾನ?" ಅಂತ. ನೀರೊಳಗ ಆ ವೇಷದಾಗ ಇದ್ದಾವ ರಿಕೌ ಬ್ರೌನಿಂಗ್, ಉಸಿರು ಬಿಗಿಹಿಡಿದು ಮಾಡ್ಯಾನ, ಬೆನ್ನಿಗೆ ಸಿಲಿಂಡರ್ ಇಲ್ಲ. ದಂಡಿ ಮ್ಯಾಲ ಬರೂ ಮುಂದ ಬೆನ್ ಚಾಪ್‌ಮನ್ ಅನ್ನಾಂವ. ಇದನ್ನ ಹೇಳಿದ ಮ್ಯಾಲ ಹುಡುಗ್ರು ಸ್ವಿಮಿಂಗ್ ಪೂಲಿನ್ಯಾಗ ತಾವೂ ಉಸಿರು ಹಿಡ್ಯಾಕ ಹತ್ತಿದ್ರು, ಅದರ ಮ್ಯಾಲ ಕಣ್ಣಿಡ್ರಿ.

ಮೊದಲಿಗೆ ಟೆಂಟಿನ್ಯಾಗ ಇಬ್ಬರನ್ನ ಕೊಲ್ಲೂ ಸೀನ್ ಐತಿ, ಆ ಪಂಜಾ ಮುಖದ ಮ್ಯಾಲ ಬರ್ತೈತಿ. ಎಂಟು ವರ್ಷದ ಮ್ಯಾಲಿನವರಿಗೆ ಅಡ್ಡಿ ಇಲ್ಲ.

ಹಳೇರೀಲು ಅಣ್ಣಾರು ಡ್ರಾಕ್ಯುಲಾ ಅಂದ್ರಲ್ಲ, ಆ ಕೋಟ್ಯಾಗ ಆರ್ಮಡಿಲ್ಲೊ ಓಡಾಡತಾವ! ಟೆಕ್ಸಾಸಿನ ಹುಡುಗ್ರಿಗೆ ಅದು ರಸ್ತಾದಾಗ ದಿನಾ ಕಾಣೂ ಪ್ರಾಣಿ. ಅದನ್ನ ಕಂಡ ಕೂಡಲೇ ಅಂಜಿಕಿ ಅರ್ಧ ಹೋತು.

ಎಡಿಸನ್_ಅಮ್ಮ

ಎಷ್ಟು ಚೆನ್ನಾಗಿ ಬರೆದಿದ್ದೀರಿ ಎಲ್ಲರೂ! 'ಗ್ರೆಮ್ಲಿನ್ಸ್' ವಿಷಯ ಹೇಳಿದ್ದಕ್ಕೆ ಫ್ರಿಮಾಂಟ್ ಅಪ್ಪ ಅವರಿಗೆ ದೊಡ್ಡ ಥ್ಯಾಂಕ್ಸ್, ನಮ್ಮ ಮಗ ಈಗಲೇ ಸಾಂಟಾಗೆ ಪತ್ರ ಬರೀತಿದ್ದಾನೆ.

ಈಗ ಎರಡು ಪ್ರಶ್ನೆ. 'ಅಬಟ್ ಅಂಡ್ ಕಾಸ್ಟೆಲೊ'ದಲ್ಲಿ ಮಾತು ಜಾಸ್ತಿ ಇರುತ್ತಲ್ವಾ, ಅತ್ತೆಗೆ ಏನು ಮಾಡಲಿ? ಕನ್ನಡದ್ದೇ ಹಳೇದು ಯಾವುದಾದರೂ ಹಾಕಲಾ? ಎರಡನೇದು, ಮಗ ಪೂರ್ತಿ ಕೂರದೇ ಇದ್ದರೆ ಅವನಿಗೆ ಅಂತಲೇ ಮೊದಲು ಚಿಕ್ಕದೇನಾದರೂ ಇದೆಯಾ?

ತಿಪಟೂರು_ತೆಂಗು

ಕನ್ನಡದ್ದು ಅಂದರೆ 1979ರ 'ನಾ ನಿನ್ನ ಬಿಡಲಾರೆ' ನೆನಪಾಗುತ್ತೆ. ಅನಂತನಾಗ್, ಲಕ್ಷ್ಮಿ. ನಿಮ್ಮ ಅತ್ತೆ ಆಗ ಥಿಯೇಟರಿನಲ್ಲೇ ನೋಡಿರಬಹುದು, ಕೇಳಿ. ಆದರೆ ಅದು ಮೈಮೇಲೆ ದೆವ್ವ ಬರೋ ಕಥೆ, ಮನೆಯ ಯಜಮಾನನೇ ಬದಲಾಗಿಬಿಡ್ತಾನೆ. ಚಿಕ್ಕವರಿಗೆ ಅದು ಇಂಗ್ಲಿಷಿನ ಡ್ರಾಕ್ಯುಲಾಗಿಂತ ಹತ್ತು ಪಟ್ಟು ಹೆಚ್ಚು ತಟ್ಟುತ್ತೆ. ಮಕ್ಕಳು ಮಲಗಿದ ಮೇಲೆ ನೀವೂ ಅತ್ತೆಯೂ ಹಾಕಿಕೊಳ್ಳಿ.

ಹಳೇರೀಲು

ಅತ್ತೆಗೂ ಮಗನಿಗೂ ಒಂದೇ ಮದ್ದು ಇದೆ: ಮೂಕಿ ಚಿತ್ರ. ಮಾತೇ ಇಲ್ಲ ಅಂದಮೇಲೆ ಭಾಷೆ ಬರಲ್ಲ ಅನ್ನೋ ಪ್ರಶ್ನೆಯೇ ಬರಲ್ಲ.

ಮೊದಲು ಡಿಸ್ನಿಯವರ 'ದಿ ಸ್ಕೆಲಿಟನ್ ಡಾನ್ಸ್' ಹಾಕಿ. 1929ರದ್ದು, ಐದಾರು ನಿಮಿಷ. ಇದು ಪೂರ್ತಿ ಮೂಕಿ ಅಲ್ಲ, ಸಂಗೀತ ಇದೆ, ಮಾತು ಮಾತ್ರ ಇಲ್ಲ. ಸ್ಮಶಾನದಿಂದ ಎದ್ದು ಬಂದ ಅಸ್ಥಿಪಂಜರಗಳು ಕುಣೀತವೆ, ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನುಮೂಳೆ ಮೇಲೆ ಎಲುಬಿನಿಂದ ಬಾರಿಸುತ್ತೆ. ಅಬ್ ಐವರ್ಕ್ಸ್ ಬಿಡಿಸಿದ್ದು, ಕಾರ್ಲ್ ಸ್ಟಾಲಿಂಗ್ ಸಂಗೀತ. ಹೆದರಿಕೆ ಕುಣಿತ ಆಗಿ ತಿರುಗೋದನ್ನ ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ ಅಂತ ನನ್ನ ನಂಬಿಕೆ.

ಅದರ ಹಿಂದೆಯೇ ಬಸ್ಟರ್ ಕೀಟನ್‌ನ 'ದಿ ಹಾಂಟೆಡ್ ಹೌಸ್', 1921. ಸುಮಾರು ಇಪ್ಪತ್ತು ನಿಮಿಷ. ಕೀಟನ್ ಬ್ಯಾಂಕಿನ ಗುಮಾಸ್ತ. ಗೋಂದು ಚೆಲ್ಲಿ ನೋಟೆಲ್ಲ ಕೈಗೆ, ಕಾಲಿಗೆ, ಗಿರಾಕಿಗಳಿಗೆ ಅಂಟಿಕೊಳ್ಳುತ್ತೆ. ಆಮೇಲೆ ಕಳ್ಳರು ದೆವ್ವದ ಮನೆ ಅಂತ ಸುದ್ದಿ ಹಬ್ಬಿಸಿ ಅಡಗಿಕೊಂಡಿರೋ ಮನೆಗೆ ಅವನು ಓಡಿಬರ್ತಾನೆ. ಆ ಮನೆಯ ಮೆಟ್ಟಿಲುಗಳಿಗೆ ಒಂದು ಕೀಲಿದೆ. ಅವನು ಕಷ್ಟಪಟ್ಟು ಮೇಲೆ ತಲುಪುವ ಹೊತ್ತಿಗೆ ಮೆಟ್ಟಿಲೆಲ್ಲಾ ಚಪ್ಪಟೆಯಾಗಿ ಜಾರುಬಂಡೆ ಆಗಿಬಿಡುತ್ತೆ, ಸರ್ರಂತ ಕೆಳಗೆ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲ್ಲ. ಬಿಳಿ ಬಟ್ಟೆ ಹೊದ್ದ ದೆವ್ವಗಳು ಸಾಲಾಗಿ ಓಡಾಡುವಾಗ ಅವನು ಟ್ರಾಫಿಕ್ ಪೊಲೀಸ್ ಥರ ಕೈ ತೋರಿಸಿ ದಾರಿ ಬಿಡ್ತಾನೆ. ನಿಮ್ಮ ಅತ್ತೆ ನಗದೇ ಇದ್ದರೆ ನನ್ನನ್ನ ಕೇಳಿ.

1922ರ 'ನೋಸ್ಫೆರಾಟು' ಕೂಡ ಮೂಕಿಯೇ, ಯಾರಾದರೂ ಹೇಳ್ತಾರೆ. ಅದನ್ನ ಇವತ್ತು ಮುಟ್ಟಬೇಡಿ. ರಕ್ತಪಿಶಾಚಿ ಆಗಿರೋ ಮ್ಯಾಕ್ಸ್ ಶ್ರೆಕ್ ಪೆಟ್ಟಿಗೆಯಿಂದ ಮರದ ಹಲಗೆ ಥರ ನೇರ ಎದ್ದು ನಿಲ್ಲೋದು, ಅವನ ನೆರಳು ಮೆಟ್ಟಿಲು ಹತ್ತೋದು, ಇಲಿಗಳು, ಪ್ಲೇಗು. ಲುಗೋಸಿ ಸೂಟು ಹಾಕಿದ ಶ್ರೀಮಂತ, ಇವನು ಕಾಯಿಲೆಯೇ ನಡೆದು ಬಂದ ಹಾಗೆ. ಡ್ರಾಕ್ಯುಲಾ ಕಾದಂಬರಿ ಬರೆದ ಬ್ರಾಮ್ ಸ್ಟೋಕರ್‌ನ ಹೆಂಡತಿ, ಅನುಮತಿ ಇಲ್ಲದೆ ಆ ಕಥೆ ತಗೊಂಡಿದ್ದಾರೆ ಅಂತ ಕೋರ್ಟಿಗೆ ಹೋಗಿ ಪ್ರಿಂಟುಗಳನ್ನೆಲ್ಲ ನಾಶ ಮಾಡುವಂತೆ ಆದೇಶ ತಂದರು, ಆದರೂ ಕೆಲವು ಉಳಿದುಕೊಂಡವು, ನಮ್ಮ ಪುಣ್ಯ. ಮಕ್ಕಳು ಹೈಸ್ಕೂಲಿಗೆ ಬಂದಮೇಲೆ ತೋರಿಸಿ.

ಸಂಜೆಮಲ್ಲಿಗೆ

ಚಿಕ್ಕವನಿಗೆ ಇನ್ನೆರಡು. 'ಲೋನ್ಸಮ್ ಗೋಸ್ಟ್ಸ್' (1937), ಮಿಕ್ಕಿ, ಡೊನಾಲ್ಡ್, ಗೂಫಿ ಮೂವರೂ ದೆವ್ವ ಹಿಡಿಯೋ ಕಂಪನಿ ತೆಗೆದಿರ್ತಾರೆ, ಒಂಬತ್ತು ನಿಮಿಷ. ಆಮೇಲೆ 'ಇಟ್ಸ್ ದಿ ಗ್ರೇಟ್ ಪಂಪ್ಕಿನ್, ಚಾರ್ಲಿ ಬ್ರೌನ್', 1966ರ ಅಕ್ಟೋಬರಿನಲ್ಲಿ ಟಿವಿಯಲ್ಲಿ ಮೊದಲು ಬಂದಿದ್ದು. ಇದರಲ್ಲಿ ಹೆದರಿಕೆ ಏನೂ ಇಲ್ಲ, ಮನೆಮನೆಗೆ ಹೋಗಿ ಎಲ್ಲರೂ ಮಿಠಾಯಿ ಇಸ್ಕೊಂಡರೆ ಚಾರ್ಲಿ ಬ್ರೌನ್ ಚೀಲಕ್ಕೆ ಬರೀ ಕಲ್ಲು ಬೀಳುತ್ತೆ. ಆಗಷ್ಟೇ ಬೀದಿ ಸುತ್ತಿ ಬಂದ ಮಕ್ಕಳಿಗೆ ಅದು ಎಷ್ಟು ಅನ್ಯಾಯ ಅಂತ ಅನ್ಸುತ್ತೆ ಗೊತ್ತಾ!

1949ರ ಡಿಸ್ನಿ ಚಿತ್ರದಲ್ಲಿರೋ 'ಸ್ಲೀಪಿ ಹಾಲೋ' ಭಾಗವನ್ನೂ ಜನ ಹೇಳ್ತಾರೆ. ಬಿಂಗ್ ಕ್ರಾಸ್ಬಿ ಕಥೆ ಹೇಳೋದು, ಹಾಡೋದು. ಮುಕ್ಕಾಲು ಭಾಗ ತಮಾಷೆ. ಆದರೆ ತಲೆಯಿಲ್ಲದ ಸವಾರ ಕತ್ತಿ ಹಿಡಿದು ಬೆನ್ನಟ್ಟುವ ಕೊನೆಯ ಭಾಗ ನಿಜಕ್ಕೂ ಹೆದರಿಸುತ್ತೆ, ಕಾರ್ಟೂನ್ ಅಂತ ಹಗುರವಾಗಿ ತಗೋಬೇಡಿ. ಓಡಿಹೋಗೋ ಮೇಷ್ಟ್ರು ಇಕಬಾಡ್ ಏನಾದ ಅಂತ ಕೊನೆಗೂ ಸ್ಪಷ್ಟವಾಗಿ ಹೇಳಲ್ಲ. ಕೆಲವು ಮಕ್ಕಳು ಅದನ್ನೇ ರಾತ್ರಿಯಿಡೀ ಕೇಳ್ತಾರೆ.

ಫ್ರಿಮಾಂಟ್_ಅಪ್ಪ

ಪ್ರೊಜೆಕ್ಟರ್ ಬಗ್ಗೆ ಎರಡು ಮಾತು. ಹಳೇ ಸಿನಿಮಾಗಳಿಗೆ ಬಣ್ಣ ತುಂಬಿದ ಆವೃತ್ತಿಗಳೂ ಸಿಗುತ್ತವೆ, ಅವನ್ನ ತಗೋಬೇಡಿ. ಆ ನೆರಳು ಬೆಳಕಿಗೋಸ್ಕರವೇ ಅವನ್ನ ನೋಡಬೇಕು. ಮೋಷನ್ ಸ್ಮೂತಿಂಗ್ (ಚಲನೆಯನ್ನ ಜಾಸ್ತಿ ನುಣುಪಾಗಿಸೋ ಸೆಟ್ಟಿಂಗ್) ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ 1931ರ ಸಿನಿಮಾ ಮಧ್ಯಾಹ್ನದ ಧಾರಾವಾಹಿ ಥರ ಕಾಣುತ್ತೆ. ಒಂದು ಪುಟ್ಟ ದೀಪ ಹಿಂದೆ ಉರೀತಿರಲಿ. ಮಗ ಮೆಟ್ಟಿಲಿಗೆ ಹತ್ತಿರ ಕೂರಲಿ, ಬೇಡ ಅನ್ನಿಸಿದರೆ ಯಾರನ್ನೂ ದಾಟದೆ ಎದ್ದು ಹೋಗೋ ಹಾಗೆ.

ಬಣ್ಣದ್ದೇ ಬೇಕು ಅಂತ ನೆರೆಮನೆ ಮಕ್ಕಳು ಹಟ ಮಾಡಿದರೆ 'ದಿ ಗೋಸ್ಟ್ ಅಂಡ್ ಮಿಸ್ಟರ್ ಚಿಕನ್' (1966). ಡಾನ್ ನಾಟ್ಸ್ ಪತ್ರಿಕೆಯ ಟೈಪ್‌ಸೆಟರ್, ವರದಿಗಾರ ಆಗಬೇಕು ಅಂತ ಆಸೆ, ಕೊಲೆ ನಡೆದ ಬಂಗಲೆಯಲ್ಲಿ ಒಂದು ರಾತ್ರಿ ಕಳೀತಾನೆ. ತನ್ನಷ್ಟಕ್ಕೆ ತಾನೇ ನುಡಿಯೋ ಆರ್ಗನ್, ಚಿತ್ರಪಟದ ಕತ್ತಿಗೆ ಚುಚ್ಚಿದ ತೋಟದ ಕತ್ತರಿ, ಅಷ್ಟೇ ಅದರ ಹೆದರಿಕೆ.

ಹಳೇರೀಲು

1933ರ 'ಕಿಂಗ್ ಕಾಂಗ್' ಬಗ್ಗೆ ಯಾರೂ ಹೇಳಲಿಲ್ಲ. ವಿಲ್ಲಿಸ್ ಓಬ್ರಿಯನ್ ಗೊಂಬೆಗಳನ್ನ ಒಂದೊಂದು ಫ್ರೇಮಿಗೂ ಚೂರುಚೂರೇ ಅಲುಗಿಸಿ ಮಾಡಿದ ಕೆಲಸ ನೋಡಿದರೆ ಮಕ್ಕಳು ತಾವೇ ಮಾಡ್ತೀವಿ ಅಂತ ಫೋನ್ ತಗೋತಾರೆ. ಆದರೆ ದೈತ್ಯ ಗೊರಿಲ್ಲಾ ಕಾಂಗ್ ಇರೋ ದ್ವೀಪದ ಜನರನ್ನ ತೋರಿಸಿರೋ ರೀತಿ ಕೆಟ್ಟದಾಗಿದೆ, ಸುಮ್ಮನೆ ಬಿಡುವಂಥದ್ದಲ್ಲ. ಬೇರೆ ಬಣ್ಣದವರು ಅಂದರೆ ಕಾಡುಜನ ಅಂತ ಆಗಿನ ಹಾಲಿವುಡ್ ಅಂದುಕೊಂಡಿತ್ತು. ಈ ದೇಶದಲ್ಲಿ ಬೆಳೀತಿರೋ ನಮ್ಮ ಮಕ್ಕಳಿಗೆ ಅದನ್ನ ಸಿನಿಮಾ ನಿಲ್ಲಿಸಿಯೇ ಹೇಳಬೇಕು. ಹಬ್ಬದ ರಾತ್ರಿ ಹತ್ತು ಮಕ್ಕಳ ನಡುವೆ ಆ ಮಾತು ಆಗಲ್ಲ. ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ.

ಎಡಿಸನ್_ಅಮ್ಮ

ಹಬ್ಬ ಮುಗೀತು, ಹೇಗಾಯ್ತು ಅಂತ ಹೇಳದೇ ಇದ್ದರೆ ತಪ್ಪಾಗುತ್ತೆ.

'ಸ್ಕೆಲಿಟನ್ ಡಾನ್ಸ್', ಆಮೇಲೆ ಕೀಟನ್, ಆಮೇಲೆ 'ಅಬಟ್ ಅಂಡ್ ಕಾಸ್ಟೆಲೊ', ಇದೇ ಸಾಲಿನಲ್ಲಿ ಹಾಕಿದ್ವಿ. ಕೀಟನ್ ಮೆಟ್ಟಿಲು ಜಾರಿದಾಗ ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. ಎರಡನೇ ಸಲ ಜಾರೋ ಮುಂಚೆ ಅವರೇ ಮಕ್ಕಳಿಗೆ "ನೋಡ್ತಿರಿ, ಈಗ ಬೀಳ್ತಾನೆ" ಅಂತ ಕನ್ನಡದಲ್ಲೇ ಹೇಳ್ತಿದ್ದರು, ಪಕ್ಕದ ಮನೆಯ ಅಮೆರಿಕನ್ ಹುಡುಗನಿಗೂ ಅರ್ಥ ಆಯ್ತು. ಬಿಡುವಿನಲ್ಲಿ ಅವರು, ಊರಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಿದ್ದ ಕಥೆ ಹೇಳಿದರು. ರಾತ್ರಿ ಬಂದು ಬಾಗಿಲು ತಟ್ಟೋ ದೆವ್ವ ಅದನ್ನ ಓದಿ ದಿನಾ ವಾಪಸ್ ಹೋಗುತ್ತೆ ಅಂತ. ಬಾಗಿಲು ತಟ್ಟಿ ಮಿಠಾಯಿ ತಂದ ಮಕ್ಕಳು ಅದನ್ನ ಬಾಯಿ ಬಿಟ್ಟು ಕೇಳಿದರು.

ಮಗ 'ಅಬಟ್ ಅಂಡ್ ಕಾಸ್ಟೆಲೊ' ಅರ್ಧ ನೋಡಿ ನಿದ್ದೆ ಹೋದ. ಶವಪೆಟ್ಟಿಗೆ ಸೀನಿನಲ್ಲಿ ಸಂಜೆಮಲ್ಲಿಗೆ ಅವರು ಹೇಳಿದ ಹಾಗೇ ಕೂಗಿದ. ಮಗಳಿಗೆ ಇಷ್ಟ ಆಗಿದ್ದು ತೋಳಮನುಷ್ಯ ಲಂಡನ್ನಿಂದ ಫೋನ್ ಮಾಡ್ತಾ ಮಾಡ್ತಾ ತೋಳ ಆಗೋದು, ಈ ಕಡೆ ವಿಲ್ಬರ್ ಅದನ್ನ ನಾಯಿ ಅಂದುಕೊಳ್ಳೋದು. ಆದರೆ ಬೆಳಿಗ್ಗೆ ಎದ್ದು, "ಅಮ್ಮ, ಚೆನ್ನಾಗಿತ್ತು, ಆದರೆ ನನಗೆ ನಿಜವಾಗಿ ಹೆದರಿಕೆ ಆಗಲಿಲ್ಲ, ರಕ್ತ ಇಲ್ಲದೆ ನಿಜವಾಗಿ ಹೆದರಿಸೋದು ಯಾವುದೂ ಇಲ್ವಾ?" ಅಂದಳು. ಇದಕ್ಕೆ ಏನು ಹೇಳಲಿ?

ಹಳೇರೀಲು

ಇದೆ. 1963ರ 'ದಿ ಹಾಂಟಿಂಗ್'. ರಾಬರ್ಟ್ ವೈಸ್ ನಿರ್ದೇಶನ. ಎರಡು ವರ್ಷದ ನಂತರ 'ಸೌಂಡ್ ಆಫ್ ಮ್ಯೂಸಿಕ್' ಮಾಡಿದವರೇ. ರೇಟಿಂಗ್ ಜಿ, ಅಂದರೆ ಎಲ್ಲ ವಯಸ್ಸಿನವರಿಗೂ ಸೈ ಅಂತ. ಆ ಒಂದು ಅಕ್ಷರ ನೋಡಿ ಮೋಸ ಹೋಗಬೇಡಿ. ಒಂದು ಹನಿ ರಕ್ತ ಇಲ್ಲ, ದೆವ್ವ ಒಂದು ಸಲವೂ ಕಾಣಿಸಲ್ಲ. ರಾತ್ರಿ ಗೋಡೆ ಆಚೆ ದಬದಬ ಸದ್ದು ಹತ್ತಿರ ಬರುತ್ತೆ, ಮರದ ಬಾಗಿಲು ಉಸಿರಾಡುವ ಹಾಗೆ ಒಳಕ್ಕೆ ಉಬ್ಬುತ್ತೆ. ಇನ್ನೊಂದು ರಾತ್ರಿ ಕತ್ತಲಲ್ಲಿ, ಆ ದೆವ್ವದ ಮನೆಯಲ್ಲಿ ತಂಗಿರೋ ನಾಯಕಿ ಎಲೀನರ್ ಗೆಳತಿಯ ಕೈ ಗಟ್ಟಿಯಾಗಿ ಹಿಡಿದು ಮಲಗಿರ್ತಾಳೆ. ದೀಪ ಹಾಕಿದಾಗ ಗೆಳತಿ ಕೋಣೆಯ ಆ ಕಡೆ ಮಂಚದಲ್ಲಿ ಇರ್ತಾಳೆ. ಹಾಗಾದರೆ ಹಿಡಿದಿದ್ದು ಯಾರ ಕೈ?

ಆದರೆ 11ಕ್ಕೆ ಬೇಡ, ಅಕ್ಕಾ. ಹೆದರಿಕೆಗಿಂತಲೂ ಎಲೀನರ್‌ಳ ಒಂಟಿತನ ಭಾರ, ಅಮ್ಮನನ್ನ ಕಳ್ಕೊಂಡವಳು, ಹೋಗೋಕೆ ಮನೆ ಇಲ್ಲದವಳು, ಕಥೆ ಸುಖವಾಗಿಯೂ ಮುಗಿಯಲ್ಲ. ಹದಿಮೂರು ಹದಿನಾಲ್ಕು ಆಗಲಿ. ಅಲ್ಲಿವರೆಗೆ ಅವಳಿಗೆ 1933ರ 'ದಿ ಇನ್ವಿಸಿಬಲ್ ಮ್ಯಾನ್' ತೋರಿಸಿ. ಬ್ಯಾಂಡೇಜ್ ಬಿಚ್ಚಿದರೆ ಒಳಗೆ ತಲೆಯೇ ಇಲ್ಲದ ಸೀನಿಗೆ ಅವಳು ಖಂಡಿತ ಬೆಚ್ಚಿಬೀಳ್ತಾಳೆ. ಕ್ಲಾಡ್ ರೇನ್ಸ್ ಮುಖ ಕಾಣಿಸೋದು ಕೊನೆಯಲ್ಲಿ ಮಾತ್ರ. ಅವನು ರೈಲು ಉರುಳಿಸಿ ಜನರನ್ನ ಕೊಲ್ತಾನೆ, ಅದನ್ನ ಮೊದಲೇ ಹೇಳಿಡಿ. ಮಗ ನಿದ್ದೆ ಹೋದಮೇಲೆ ಹಾಕಿ.

ಹುಬ್ಬಳ್ಳಿಮಂದಿ_ಡಲ್ಲಾಸ್

ಅಣ್ಣಾರ ಮಾತು ಖರೇ. ಮತ್ತ 'ಬ್ಲ್ಯಾಕ್ ಲಗೂನ್' ಮರೀಬ್ಯಾಡ್ರಿ ಅಕ್ಕಾರ, ಬ್ಯಾಸಿಗಿ ರಜಾದಾಗ ನಡೀತೈತಿ, ಅದಕ್ಕ ಹ್ಯಾಲೋವೀನೇ ಬರಬೇಕಂತಿಲ್ಲ.